ವಿಷವಿಕ್ಕಿದವರಾರು? – ಮೊಜಾರ್ಟನ ಸಾವೂ ಊರ ಬಾಯಿಯೂ

ಹೆಸರಾದವರು ಹಣ್ಣು ಹಣ್ಣು ಮುದುಕರಾಗಿ ತೀರಿಕೊಂಡರೆ ಲೋಕ ಎರಡು ಹನಿ ಕಣ್ಣೀರಿಟ್ಟು, ನಾಲ್ಕು ಒಳ್ಳೆಯ ಮಾತನಾಡಿ ಸುಮ್ಮನಾಗುತ್ತದೆ. ಅದೇ ಒಬ್ಬ ಕಲಾವಿದ ತುಂಬು ಪ್ರಾಯದಲ್ಲಿ, ಕೈತುಂಬ ಕೆಲಸವಿರುವ ಹೊತ್ತಿನಲ್ಲಿ, ಹದಿನೈದು ದಿನದ ಕಾಯಿಲೆಯಲ್ಲಿ ಕಣ್ಮರೆಯಾದನೆಂದರೆ ಯಾರ ಮನಸ್ಸೂ ಒಪ್ಪುವುದಿಲ್ಲ. “ಹೀಗೂ ಉಂಟೆ? ಇದರಲ್ಲಿ ಏನೋ ಇರಬೇಕು” ಎಂದು ಒಬ್ಬರು ಪಿಸುಗುಟ್ಟುತ್ತಾರೆ. ಆ ‘ಏನೋ’ ಎರಡನೆಯ ಬಾಯಿಗೆ ಬರುವಾಗ ‘ಯಾರೋ’ ಆಗುತ್ತದೆ. ಮೂರನೆಯ ಬಾಯಿಗೆ ಬರುವಷ್ಟರಲ್ಲಿ ಆ ‘ಯಾರೋ’ ಎಂಬವನಿಗೆ ಹೆಸರು, ಊರು, ಕುಲ ಎಲ್ಲವೂ ಬಂದುಬಿಟ್ಟಿರುತ್ತದೆ. ಮಡಕೆಯ ಬಾಯಿಗೆ ಮುಚ್ಚಳವುಂಟು, ಊರ ಬಾಯಿಗೆ ಎಲ್ಲಿಯದು?

ಹೀಗೆ ಊರ ಬಾಯಿಗೆ ಬಿದ್ದ ಸಾವುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಆಸ್ಟ್ರಿಯಾ ದೇಶದ ಸಂಗೀತಗಾರ ವುಲ್ಫ್‌ಗಾಂಗ್ ಅಮಡೇಯುಸ್ ಮೊಜಾರ್ಟನದು. ಆತ ತೀರಿಕೊಂಡು ಇನ್ನೂರ ಮೂವತ್ತು ವರ್ಷಗಳ ಮೇಲಾಯಿತು. ಇಂದಿಗೂ ಆತನನ್ನು ವಿಷವಿಕ್ಕಿ ಕೊಂದರೆಂದು ನಂಬುವವರಿದ್ದಾರೆ. ನಮ್ಮ ಸಂಘದ ಮನೆಗಳಲ್ಲಿಯೂ ಪಿಯಾನೋ, ಪಿಟೀಲು ಕಲಿಯುವ ಮಕ್ಕಳುಂಟು. ಅವರ ಪಾಠದ ಪುಸ್ತಕದಲ್ಲಿ ಮೊಜಾರ್ಟನ ಹೆಸರು ಬಂದೇ ಬರುತ್ತದೆ. “ಇವನನ್ನು ಇನ್ನೊಬ್ಬ ಸಂಗೀತಗಾರ ಹೊಟ್ಟೆಕಿಚ್ಚಿನಿಂದ ಕೊಂದನಂತೆ, ನಿಜವೇ?” ಎಂದು ಮಕ್ಕಳು ಕೇಳಿದರೆ ಹಿರಿಯರು ಏನು ಹೇಳಬೇಕು? ಅದಕ್ಕಾಗಿ ಈ ಲೇಖನ.

ಕೊನೆಯ ವರ್ಷ

ಮೊಜಾರ್ಟ್ ಹುಟ್ಟಿದ್ದು ೧೭೫೬ರ ಜನವರಿ ೨೭ರಂದು, ಸಾಲ್ಜ್‌ಬರ್ಗ್ ಎಂಬ ಊರಿನಲ್ಲಿ. ತಂದೆ ಲಿಯೋಪೋಲ್ಡ್ ಪಿಟೀಲು ವಿದ್ವಾಂಸ. ಮಗ ಆರನೆಯ ವಯಸ್ಸಿಗೇ ವಿಯೆನ್ನಾದ ಅರಮನೆಯಲ್ಲಿ ಚಕ್ರವರ್ತಿನಿಯ ಮುಂದೆ ನುಡಿಸಿ ಬೆರಗುಗೊಳಿಸಿದ. ೧೭೮೧ರಲ್ಲಿ ಹುಟ್ಟೂರಿನ ಆರ್ಚ್‌ಬಿಷಪ್ಪನ ಚಾಕರಿಯನ್ನು ಬಿಟ್ಟು ವಿಯೆನ್ನಾ ಸೇರಿದ. ಮರುವರ್ಷ ಕಾನ್‌ಸ್ಟಾಂಜೆ ಎಂಬಾಕೆಯನ್ನು ಮದುವೆಯಾದ. ಹುಟ್ಟಿದ ಆರು ಮಕ್ಕಳಲ್ಲಿ ಉಳಿದವು ಎರಡು. ೧೭೮೭ರ ಕೊನೆಗೆ ಅರಮನೆಯಲ್ಲಿ ವರ್ಷಕ್ಕೆ ೮೦೦ ಫ್ಲೋರಿನ್ ಸಂಬಳದ ಹುದ್ದೆ ಸಿಕ್ಕಿತು. ಖರ್ಚು ಮಾತ್ರ ವರಮಾನದ ಮಾತು ಕೇಳುತ್ತಿರಲಿಲ್ಲ. ಮಿತ್ರರಿಗೆ ಸಾಲಕ್ಕಾಗಿ ಬರೆದ ಕಾಗದಗಳು ಇಂದಿಗೂ ಉಳಿದಿವೆ.

೧೭೯೧ನೆಯ ವರ್ಷ ಆತನಿಗೆ ಉಸಿರಾಡಲೂ ಬಿಡುವಿಲ್ಲದ ವರ್ಷ. ಚಕ್ರವರ್ತಿಯ ಬೊಹೀಮಿಯಾ ಪಟ್ಟಾಭಿಷೇಕಕ್ಕಾಗಿ ಬರೆದ ಗೀತನಾಟಕ ಸೆಪ್ಟೆಂಬರ್ ೬ರಂದು ಪ್ರಾಗ್ ನಗರದಲ್ಲಿ ರಂಗಕ್ಕೆ ಬಂತು. ಅದಾಗಿ ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ ೩೦ರಂದು, ವಿಯೆನ್ನಾದಲ್ಲಿ ‘ಮಾಯಾ ಕೊಳಲು’ ಎಂಬ ಮತ್ತೊಂದು ಗೀತನಾಟಕ. ಜನ ಮುಗಿಬಿದ್ದು ನೋಡಿದರು. ಇವೆರಡರ ಜೊತೆಗೆ ಇನ್ನೊಂದು ಕೆಲಸವೂ ಮೇಜಿನ ಮೇಲಿತ್ತು. ಅದು ‘ರೆಕ್ವಿಯಮ್’, ಎಂದರೆ ಸತ್ತವರ ಆತ್ಮಶಾಂತಿಗಾಗಿ ಇಗರ್ಜಿಯಲ್ಲಿ ಹಾಡುವ ಪ್ರಾರ್ಥನಾಗಾನ.

ನವೆಂಬರ್ ೨೦ರಂದು ಮೊಜಾರ್ಟ್ ಹಾಸಿಗೆ ಹಿಡಿದ. ಕೈಕಾಲು ಬಾತುಕೊಂಡವು. ಜ್ವರ, ವಾಂತಿ. ಮಗ್ಗುಲು ಬದಲಿಸುವುದೇ ಅಸಾಧ್ಯವಾಯಿತು. ನಾದಿನಿ ಸೋಫೀಯೂ ಅತ್ತೆಯೂ ಕೂಡಿ, ಹೊರಳದೆಯೇ ಮುಂದಿನಿಂದ ತೊಡಿಸಬಹುದಾದ ಒಂದು ಅಂಗಿಯನ್ನು ಹೊಲಿದುಕೊಟ್ಟರು. ಡಿಸೆಂಬರ್ ೪ರ ರಾತ್ರಿ ಸ್ಥಿತಿ ಕೆಟ್ಟಿತು. ವೈದ್ಯ ಕ್ಲೊಸೆಯನ್ನು ಹುಡುಕಿದರೆ ಆತ ನಾಟಕ ನೋಡುತ್ತಿದ್ದ. ಆಟ ಮುಗಿದ ಮೇಲೆ ಬಂದ. ಸುಡುವ ತಲೆಗೆ ತಣ್ಣೀರು ಪಟ್ಟಿ ಹಾಕಿಸಿದ. ರೋಗಿಯ ಪ್ರಜ್ಞೆ ತಪ್ಪಿತು. ಐದನೆಯ ತಾರೀಖು ಬೆಳಗಿನ ಜಾವ ಒಂದು ಗಂಟೆಗೆ ಐದು ನಿಮಿಷವಿರುವಾಗ ಪ್ರಾಣ ಹೋಯಿತು. ವಯಸ್ಸು ಮೂವತ್ತೈದು. ಇದನ್ನೆಲ್ಲ ಆ ನಾದಿನಿಯೇ ಮುಂದೆ, ಮುಪ್ಪಿನಲ್ಲಿ, ಬರೆದಿಟ್ಟಿದ್ದಾಳೆ. ಮರಣದ ದಾಖಲೆಯಲ್ಲಿ ಬರೆದದ್ದು ‘ಬೆವರುಗುಳ್ಳೆಯ ತೀವ್ರ ಜ್ವರ’ ಎಂಬರ್ಥದ ಮಾತು. ದೇಹವನ್ನು ಕೊಯ್ದು ಪರೀಕ್ಷಿಸಲಿಲ್ಲ. ಇದ್ದ ಸಂಗತಿ ಇಷ್ಟೇ. ಉಳಿದದ್ದೆಲ್ಲ ಆಮೇಲೆ ಸೇರಿದ್ದು.

ಮೂರು ಬೀಜಗಳು

ಗಾಳಿಮಾತಿಗೂ ಒಂದು ಬೀಜ ಬೇಕಷ್ಟೆ. ಇಲ್ಲಿ ಮೂರು ಬಿದ್ದಿದ್ದವು.

ಮೊದಲನೆಯದು ಪತ್ರಿಕೆಯದು. ಸಾವಾಗಿ ತಿಂಗಳು ತುಂಬುವ ಮೊದಲೇ ಬರ್ಲಿನ್ನಿನ ಸಂಗೀತ ವಾರಪತ್ರಿಕೆಯೊಂದು, ಸತ್ತ ಮೇಲೆ ಮೈ ಬಾತುಕೊಂಡಿದ್ದರಿಂದ ವಿಷಪ್ರಯೋಗವಾಗಿರಬಹುದೆಂದು ಜನ ಆಡಿಕೊಳ್ಳುತ್ತಿದ್ದಾರೆಂದು ಅಚ್ಚುಹಾಕಿತು. ವಿಯೆನ್ನಾದ ಸಾವಿಗೆ ಬರ್ಲಿನ್ನಿನಲ್ಲಿ ಕಾರಣ ಹುಟ್ಟಿತು! ಮೈ ಬಾತದ್ದು ಬದುಕಿದ್ದಾಗಲೇ ಎಂಬುದು ಮನೆಯವರಿಗೆ ಗೊತ್ತಿತ್ತು. ಆದರೆ ಅವರನ್ನು ಕೇಳಿದವರಾರು?

ಎರಡನೆಯದು ಸ್ವತಃ ರೋಗಿಯದು. ಕಾನ್‌ಸ್ಟಾಂಜೆ ಹೇಳಿದಂತೆ, ಕೊನೆಯ ತಿಂಗಳುಗಳಲ್ಲಿ ಪ್ರಾಟರ್ ಉದ್ಯಾನದಲ್ಲಿ ಗಂಡನೊಡನೆ ಕುಳಿತಿದ್ದಾಗ ಆತ ಕಣ್ಣಲ್ಲಿ ನೀರು ತಂದು, ನನಗೆ ಯಾರೋ ವಿಷ ಕೊಟ್ಟಿದ್ದಾರೆ ಎಂದನಂತೆ. ‘ಅಕ್ವಾ ತೋಫಾನಾ’ ಎಂಬ, ದಿನ ಲೆಕ್ಕ ಹಾಕಿ ನಿಧಾನವಾಗಿ ಕೊಲ್ಲುವುದೆಂದು ಹೆಸರಾಗಿದ್ದ ಇಟಲಿಯ ವಿಷದ ಹೆಸರನ್ನೂ ಹೇಳಿದನಂತೆ. ಆಕೆ ರೆಕ್ವಿಯಮ್ಮಿನ ಹಾಳೆಗಳನ್ನು ಎತ್ತಿಟ್ಟಳು. ಕೆಲವು ದಿನಗಳಲ್ಲಿ ಆತ ಚೇತರಿಸಿಕೊಂಡು ಇನ್ನೊಂದು ಸಣ್ಣ ಕೃತಿಯನ್ನು ಮುಗಿಸಿದ. ಮತ್ತೆ ಹಾಸಿಗೆ ಹಿಡಿದದ್ದು ಅದರ ಬಳಿಕ. ಗಂಡನ ಆ ಮಾತು ಬಳಲಿದ ಮನಸ್ಸಿನ ಭ್ರಮೆಯೆಂದೇ ಕಾನ್‌ಸ್ಟಾಂಜೆ ೧೮೨೯ರಲ್ಲಿ ಕಾಣಬಂದ ಇಂಗ್ಲಿಷ್ ದಂಪತಿಗಳಿಗೆ ಹೇಳಿದಳು. ಲೋಕವೋ ಗಂಡನ ಮಾತನ್ನು ಹಿಡಿದುಕೊಂಡಿತು, ಹೆಂಡತಿಯ ಮಾತನ್ನು ಬಿಟ್ಟಿತು.

ಮೂರನೆಯದು ಎಲ್ಲಕ್ಕಿಂತ ಸೊಗಸಾದದ್ದು, ಆದ್ದರಿಂದಲೇ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು. ಆ ವರ್ಷದ ಬೇಸಗೆಯಲ್ಲಿ ಒಬ್ಬ ಅಪರಿಚಿತ ಬಂದು, ತನ್ನನ್ನು ಕಳುಹಿಸಿದವರ ಹೆಸರನ್ನು ಹೇಳದೆ, ರೆಕ್ವಿಯಮ್ ಬರೆದುಕೊಡಬೇಕೆಂದು ಕೇಳಿ, ಸಂಭಾವನೆಯಲ್ಲಿ ಒಂದಂಶವನ್ನು ಮುಂಗಡವಾಗಿ ಕೊಟ್ಟು ಹೋದ. ಬಾಯಿಂದ ಬಾಯಿಗೆ ಹೋಗುತ್ತ ಆತನಿಗೆ ಬೂದುಬಣ್ಣದ ನಿಲುವಂಗಿ ಬಂತು, ಮುಖಕ್ಕೆ ಗಾಂಭೀರ್ಯ ಬಂತು. ಕೊನೆಗೆ ಆತ ಯಮದೂತನೇ ಆಗಿಬಿಟ್ಟ. ಸಾಯುವವನು ತನ್ನ ಸಾವಿನ ಹಾಡನ್ನು ತಾನೇ ಬರೆಯುವುದೆಂದರೆ ಯಾರ ಮೈ ಜುಮ್ಮೆನ್ನದು?

ಈ ಯಮದೂತನ ಹಿಂದಿದ್ದವನು ಕೌಂಟ್ ವಾಲ್‌ಸೆಗ್ ಎಂಬ ಶ್ರೀಮಂತ. ಅವನ ಚಿಕ್ಕವಯಸ್ಸಿನ ಹೆಂಡತಿ ೧೭೯೧ರ ಫೆಬ್ರವರಿ ೧೪ರಂದು ತೀರಿಕೊಂಡಿದ್ದಳು. ಅವಳ ನೆನಪಿಗೆ ಪ್ರಾರ್ಥನಾಗಾನ ಬೇಕಿತ್ತು. ಗುಟ್ಟು ಮಾಡಿದ್ದೇಕೆ? ಆತನಿಗೆ ಒಂದು ಚಪಲವಿತ್ತು. ದೊಡ್ಡ ವಿದ್ವಾಂಸರಿಂದ ಹಣ ಕೊಟ್ಟು ಬರೆಸಿ, ತನ್ನ ಕೈಯಿಂದ ನಕಲು ಮಾಡಿಕೊಂಡು, ನಾನೇ ರಚಿಸಿದ್ದೆಂದು ಮನೆಯ ಕಚೇರಿಗಳಲ್ಲಿ ನುಡಿಸುವುದು! ಮೊಜಾರ್ಟ್ ಅರ್ಧಕ್ಕೆ ಬಿಟ್ಟುಹೋದ ಕೃತಿಯನ್ನು ಶಿಷ್ಯ ಸ್ಯೂಸ್‌ಮಾಯರ್ ಪೂರ್ತಿಗೊಳಿಸಿದ. ೧೭೯೩ರ ಡಿಸೆಂಬರ್ ೧೪ರಂದು ಕೌಂಟ್ ಮಹಾಶಯ ತಾನೇ ಮುಂದೆ ನಿಂತು ಅದನ್ನು ತನ್ನದೆಂಬಂತೆ ನಡೆಸಿದ. ಆತನ ಬಳಿಯಿದ್ದ ಉಪಾಧ್ಯಾಯರೊಬ್ಬರು ಇದನ್ನೆಲ್ಲ ೧೮೩೯ರಲ್ಲಿ ಬರೆದಿಟ್ಟರು. ಆ ಕಾಗದ ಅಚ್ಚಾದದ್ದು ೧೯೬೪ರಲ್ಲಿ. ಸತ್ಯವೆಂಬುದು ಕಡತದಲ್ಲಿ ನೂರಿಪ್ಪತ್ತೈದು ವರ್ಷ ಮಲಗಿತ್ತು. ಯಮದೂತನ ಕಥೆ ಅಷ್ಟರಲ್ಲಿ ಲೋಕವನ್ನೆಲ್ಲ ಸುತ್ತಿ ಬಂದಿತ್ತು.

ಯಾರು ಯಾರ ಮೇಲೆ ಬೆರಳು

‘ಏನೋ’ ಎಂಬುದು ‘ಯಾರೋ’ ಆದ ಮೇಲೆ ಹೆಸರುಗಳಿಗೆ ಬರವೇ?

ಒಂದು ಗುಂಪಿನವರು ಫ್ರೀಮೇಸನ್ ಸಂಘದ ಕಡೆಗೆ ಬೆರಳು ತೋರಿದರು. ಇದು ಗುಟ್ಟಾದ ವಿಧಿಗಳುಳ್ಳ ಒಂದು ಸಹೋದರ ಸಂಘ. ಮೊಜಾರ್ಟ್ ೧೭೮೪ರ ಡಿಸೆಂಬರಿನಲ್ಲಿ ಇದರ ಸದಸ್ಯನಾಗಿದ್ದ. ‘ಮಾಯಾ ಕೊಳಲು’ ನಾಟಕದಲ್ಲಿ ಸಂಘದ ಗುಟ್ಟುಗಳನ್ನು ಬಯಲು ಮಾಡಿದ್ದರಿಂದ ಸಂಘದವರೇ ಆತನನ್ನು ಮುಗಿಸಿದರೆಂದು ೧೮೬೧ರಲ್ಲಿ ಡೌಮರ್ ಎಂಬ ಜರ್ಮನ್ ಲೇಖಕ ಬರೆದ. ೧೯೩೬ರಲ್ಲಿ, ಹಿಟ್ಲರನ ಆಳ್ವಿಕೆಯಲ್ಲಿ, ಮಟಿಲ್ಡೆ ಲೂಡೆನ್‌ಡಾರ್ಫ್ ಎಂಬಾಕೆ ಇದಕ್ಕೆ ಯೆಹೂದ್ಯರನ್ನೂ ಸೇರಿಸಿ ಒಂದು ಪುಸ್ತಕವನ್ನೇ ತಂದಳು. ಆ ಕಾಲದಲ್ಲಿ ಅಲ್ಲಿ ಯಾವ ತಪ್ಪಿಗೂ ಯೆಹೂದ್ಯರ ಹೆಸರು ಸಿದ್ಧವಾಗಿಯೇ ಇರುತ್ತಿತ್ತು. ಸತ್ತ ಸಂಗೀತಗಾರನೂ ಅದಕ್ಕೆ ಸಾಧನವಾದ. ಆದರೆ ಆ ನಾಟಕದ ಮಾತುಗಳನ್ನು ಬರೆದವನು ಶಿಕಾನೇಡರ್. ಗುಟ್ಟು ಹೊರಗೆಡಹಿದ್ದು ತಪ್ಪಾದರೆ ಮೊದಲ ಅಪರಾಧಿ ಅವನೇ. ಅವನು ೧೮೧೨ರವರೆಗೆ ಬದುಕಿದ್ದ! ಸಂಘದವರೋ ಮೊಜಾರ್ಟನಿಗಾಗಿ ಶೋಕಸಭೆ ನಡೆಸಿ, ಅಲ್ಲಿ ಆಡಿದ ಭಾಷಣವನ್ನು ಅಚ್ಚು ಹಾಕಿಸಿ, ವಿಧವೆಗೆ ನೆರವಾಗಲೆತ್ನಿಸಿದರು. ಕೊಂದವರ ರೀತಿ ಇದಲ್ಲ.

ಇನ್ನೊಂದು ಗುಂಪಿಗೆ ಹೋಫ್‌ಡೆಮೆಲ್ ಎಂಬ ನ್ಯಾಯಾಲಯದ ಗುಮಾಸ್ತ ಸಿಕ್ಕಿದ. ಅವನ ಹೆಂಡತಿ ಮೊಜಾರ್ಟನಲ್ಲಿ ಪಿಯಾನೋ ಕಲಿಯುತ್ತಿದ್ದಳು. ಮೊಜಾರ್ಟ್ ಸತ್ತ ಕೆಲವೇ ದಿನಗಳಲ್ಲಿ ಹೋಫ್‌ಡೆಮೆಲ್ ಗರ್ಭಿಣಿಯಾದ ಆಕೆಯನ್ನು ಕ್ಷೌರದ ಕತ್ತಿಯಿಂದ ಇರಿದು ತಾನೂ ಪ್ರಾಣ ಕಳೆದುಕೊಂಡ. ಆಕೆ ಹೇಗೋ ಉಳಿದಳು. ದಾರುಣವಾದ ಸಂಗತಿ, ನಿಜ. ಆದರೆ ಎರಡು ಸಾವುಗಳು ಅಕ್ಕಪಕ್ಕದಲ್ಲಿ ನಿಂತ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗಲಾರದು. ಮೊಜಾರ್ಟನ ಪೋಷಕ ವಾನ್ ಸ್ವೀಟನ್ ಎಂಬ ಅಧಿಕಾರಿಯನ್ನು ಕೂಡ ಅದೇ ಡಿಸೆಂಬರ್ ೫ರಂದು ಕೆಲಸದಿಂದ ತೆಗೆದುಹಾಕಿದ್ದರು. ಅದನ್ನೂ ಜನ ಪೋಣಿಸಿಕೊಂಡರು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕುವುದು ಎಲ್ಲ ದೇಶದವರಿಗೂ ಬಲು ಸುಲಭ.

ಆದರೆ ಊರಿಗೆಲ್ಲ ರುಚಿಸಿದ ಹೆಸರು ಇವೆರಡೂ ಅಲ್ಲ. ಅದು ಸಾಲಿಯೇರಿಯ ಹೆಸರು.

ಪರವೂರಿನ ಸಾಲಿಯೇರಿ

ಆಂತೋನಿಯೋ ಸಾಲಿಯೇರಿ ಇಟಲಿಯವನು. ೧೭೫೦ರಲ್ಲಿ ಲೆಂಞಾಗೋ ಎಂಬ ಊರಿನಲ್ಲಿ ಹುಟ್ಟಿದ. ಎಳೆಯ ವಯಸ್ಸಿನಲ್ಲೇ ತಂದೆತಾಯಿ ತೀರಿಕೊಂಡರು. ವೆನಿಸ್ಸಿನಲ್ಲಿ ಹಾಡಿಕೊಂಡಿದ್ದ ಅನಾಥ ಹುಡುಗನನ್ನು ಗಾಸ್‌ಮನ್ ಎಂಬ ಸಂಗೀತಗಾರ ಕಂಡು ಮೆಚ್ಚಿ, ೧೭೬೬ರಲ್ಲಿ ತನ್ನೊಡನೆ ವಿಯೆನ್ನಾಕ್ಕೆ ಕರೆತಂದು, ಮನೆಯಲ್ಲಿಟ್ಟು ಅನ್ನ ಹಾಕಿ ವಿದ್ಯೆ ಕಲಿಸಿದ. ಹುಡುಗನಿಗೆ ಆಗ ಹದಿನಾರು ತುಂಬಿರಲಿಲ್ಲ. ಆ ಋಣವನ್ನು ಸಾಲಿಯೇರಿ ಮರೆಯಲಿಲ್ಲ. ಗುರು ತೀರಿಕೊಂಡ ಮೇಲೆ ಆತನ ಹೆಣ್ಣುಮಕ್ಕಳಿಗೆ ತಾನೇ ಸಂಗೀತ ಕಲಿಸಿದ. ಬಡ ಶಿಷ್ಯರಲ್ಲಿ ಕಾಸು ಮುಟ್ಟುತ್ತಿರಲಿಲ್ಲ. ೧೭೮೮ರಲ್ಲಿ ಅರಮನೆಯ ಮುಖ್ಯ ಸಂಗೀತಾಧಿಕಾರಿಯಾದ. ಮೂವತ್ತಾರು ವರ್ಷ ಆ ಪೀಠದಲ್ಲಿ ಕುಳಿತ. ಬೀಥೋವನ್, ಶೂಬರ್ಟ್, ಲಿಸ್ಟ್, ಈ ಮೂವರೂ ಆತನಲ್ಲಿ ಪಾಠ ಹೇಳಿಸಿಕೊಂಡವರೇ.

ಮೊಜಾರ್ಟನಿಗೂ ಆತನಿಗೂ ಕೆಲಸದ ಸ್ಪರ್ಧೆ ಇದ್ದದ್ದು ನಿಜ. ಅದನ್ನು ಮುಚ್ಚಿಡುವುದು ಸರಿಯಲ್ಲ. ೧೭೮೧ರಲ್ಲಿ ರಾಜಕುಮಾರಿಯೊಬ್ಬಳಿಗೆ ಪಾಠ ಹೇಳುವ ಕೆಲಸ ಮೊಜಾರ್ಟನಿಗೆ ತಪ್ಪಿದಾಗ, ಚಕ್ರವರ್ತಿಯ ಕಣ್ಣಿಗೆ ಸಾಲಿಯೇರಿಯ ಹೊರತು ಬೇರಾರೂ ಕಾಣರೆಂದು ಆತ ತಂದೆಗೆ ಬರೆದ. ಇಟಲಿಯವರೆಲ್ಲ ಕೂಡಿ ತನ್ನ ದಾರಿಗೆ ಅಡ್ಡ ನಿಲ್ಲುತ್ತಾರೆಂಬ ದೂರು ಅಪ್ಪ ಮಗ ಇಬ್ಬರ ಕಾಗದಗಳಲ್ಲಿಯೂ ಇದೆ. ಆದರೆ ಎಂಥ ಕಚೇರಿಯಲ್ಲಿ ಇಂಥ ದೂರಿಲ್ಲ? ಬಡ್ತಿ ತಪ್ಪಿದವನು ಮೇಲಿನವನನ್ನು ಬಯ್ಯುವುದಕ್ಕೂ ಮೇಲಿನವನು ಕೆಳಗಿನವನಿಗೆ ವಿಷವಿಕ್ಕುವುದಕ್ಕೂ ಬಹಳ ದೂರ. ದೊಡ್ಡ ಹುದ್ದೆಯಲ್ಲಿದ್ದವನು ಸಾಲಿಯೇರಿ, ಸಾಲದಲ್ಲಿದ್ದವನು ಮೊಜಾರ್ಟ್. ಹೊಟ್ಟೆಕಿಚ್ಚು ಯಾರಿಗಿರಬೇಕಿತ್ತು?

ದಾಖಲೆಗಳು ಹೇಳುವುದು ಬೇರೆಯೇ. ೧೭೯೧ರ ಏಪ್ರಿಲಿನಲ್ಲಿ ಸಾಲಿಯೇರಿ ನಡೆಸಿದ ಧರ್ಮಾರ್ಥ ಕಚೇರಿಯಲ್ಲಿ ಮೊಜಾರ್ಟನ ಸಿಂಫೊನಿಯೊಂದನ್ನು ನುಡಿಸಿದರು. ಪ್ರಾಗಿನ ಪಟ್ಟಾಭಿಷೇಕದ ನಾಟಕದ ಕೆಲಸ ಮೊದಲು ಹೋದದ್ದು ಸಾಲಿಯೇರಿಯ ಬಳಿಗೆ. ಬಿಡುವಿಲ್ಲವೆಂದು ಆತ ಒಲ್ಲೆನೆಂದ ಮೇಲೆ ಮೊಜಾರ್ಟನಿಗೆ ಬಂತು. ಅಕ್ಟೋಬರ್ ೧೩ರಂದು ಮೊಜಾರ್ಟ್ ತಾನೇ ಗಾಡಿ ತೆಗೆದುಕೊಂಡು ಹೋಗಿ ಸಾಲಿಯೇರಿಯನ್ನು ‘ಮಾಯಾ ಕೊಳಲು’ ನಾಟಕಕ್ಕೆ ಕರೆದುಕೊಂಡು ಬಂದ. ಮರುದಿನ ಊರಿಗೆ ಹೋಗಿದ್ದ ಹೆಂಡತಿಗೆ ಬರೆದ ಕಾಗದದಲ್ಲಿ, ಸಾಲಿಯೇರಿ ಮೊದಲಿನಿಂದ ಕೊನೆಯವರೆಗೆ ಮನಸ್ಸಿಟ್ಟು ಕೇಳಿದನೆಂದೂ ಒಂದೊಂದು ಹಾಡಿಗೂ ಭೇಷ್ ಎಂದನೆಂದೂ ಹಿಗ್ಗಿ ಹೇಳಿಕೊಂಡಿದ್ದಾನೆ. ಆತ ಬರೆದ ಕಾಗದಗಳಲ್ಲಿ ನಮಗೆ ಸಿಕ್ಕಿರುವ ಕೊನೆಯದು ಇದೇ. ಇಷ್ಟು ಸಾಲದೆಂಬಂತೆ, ಇವರಿಬ್ಬರೂ ೧೭೮೫ರಲ್ಲಿ ಮತ್ತೊಬ್ಬನೊಡನೆ ಕೂಡಿ ರಾಗ ಹಾಕಿದ ಹಾಡೊಂದು ಪ್ರಾಗಿನ ವಸ್ತುಸಂಗ್ರಹಾಲಯದಲ್ಲಿ ಸಿಕ್ಕಿತೆಂದು ೨೦೧೬ರಲ್ಲಿ ಪ್ರಕಟವಾಯಿತು. ಗಂಟಲು ಕೆಟ್ಟಿದ್ದ ಗಾಯಕಿಯೊಬ್ಬಳು ಗುಣವಾದ ಸಂತೋಷಕ್ಕೆ ಬರೆದದ್ದು ಅದು.

ಹಾಗಾದರೆ ಆತನ ಹೆಸರು ಬಂದದ್ದೆಲ್ಲಿಂದ? ಮೊಜಾರ್ಟ್ ಸತ್ತು ಮೂವತ್ತೆರಡು ವರ್ಷಗಳಾದ ಮೇಲೆ, ೧೮೨೩ರಲ್ಲಿ, ಎಪ್ಪತ್ತಮೂರು ವರ್ಷದ ಸಾಲಿಯೇರಿ ಮೈಯೂ ಮನಸ್ಸೂ ಕುಸಿದು ಆಸ್ಪತ್ರೆ ಸೇರಿದ. ಒಬ್ಬನೇ ಮಗ ೧೮೦೫ರಲ್ಲಿಯೂ ಹೆಂಡತಿ ೧೮೦೭ರಲ್ಲಿಯೂ ತೀರಿಕೊಂಡಿದ್ದರು. ಮೊಜಾರ್ಟನನ್ನು ಕೊಂದವನು ನಾನೇ ಎಂದು ಮುದುಕ ಆಸ್ಪತ್ರೆಯಲ್ಲಿ ಒಪ್ಪಿಕೊಂಡನಂತೆ ಎಂದು ಊರೆಲ್ಲ ಮಾತು ಹಬ್ಬಿತು. ಕಿವುಡನಾಗಿದ್ದ ಬೀಥೋವನ್ನನೊಡನೆ ಸ್ನೇಹಿತರು ಮಾತನ್ನು ಬರೆದು ತೋರಿಸುತ್ತಿದ್ದ ಪುಸ್ತಕಗಳಲ್ಲಿಯೂ ಈ ವದಂತಿ ಬಂದಿದೆ. ಶಿಷ್ಯ ಮೊಶೆಲೆಸ್ ನೋಡಲು ಹೋದಾಗ ಸಾಲಿಯೇರಿ ತಾನೇ ಆ ಮಾತೆತ್ತಿ, ಅದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ, ಇದು ಬರೀ ದ್ವೇಷ, ಲೋಕಕ್ಕೆ ಹೇಳು ಎಂದು ಬೇಡಿಕೊಂಡ. ಹಗಲಿರುಳು ಆತನ ಬಳಿಯಿದ್ದ ಇಬ್ಬರು ಶುಶ್ರೂಷಕರು ಇಂಥ ಮಾತನ್ನು ತಾವೆಂದೂ ಕೇಳಿಲ್ಲವೆಂದು ೧೮೨೪ರಲ್ಲಿ ಸಹಿ ಹಾಕಿ ಬರೆದುಕೊಟ್ಟರು. ಆತನ ಪಕ್ಕದಲ್ಲಿದ್ದ ಇಬ್ಬರೂ ಕೇಳದ ಮಾತನ್ನು ಪಕ್ಕದ ಬೀದಿಯವರೆಲ್ಲ ಕೇಳಿದ್ದರು!

ಇಲ್ಲಿ ನಾವು, ಹೊರನಾಡಿನಲ್ಲಿ ನೆಲೆಸಿದವರು, ಒಂದು ಗಳಿಗೆ ನಿಲ್ಲಬೇಕು. ಸಾಲಿಯೇರಿ ವಿಯೆನ್ನಾಕ್ಕೆ ಬಂದು ಐವತ್ತು ವರ್ಷ ತುಂಬಿದಾಗ, ೧೮೧೬ರಲ್ಲಿ, ನಗರ ಉತ್ಸವ ಮಾಡಿತು. ಚಕ್ರವರ್ತಿಯ ಪರವಾಗಿ ಚಿನ್ನದ ಪದಕ ಕೊಟ್ಟರು. ಶಿಷ್ಯ ಶೂಬರ್ಟ್ ಹಾಡು ಕಟ್ಟಿದ. ಅಲ್ಲಿಯೇ ಮದುವೆ, ಅಲ್ಲಿಯೇ ಮಕ್ಕಳು, ಅಲ್ಲಿಯೇ ಹೆಂಡತಿಯ ಗೋರಿ. ಆದರೂ ಸಂಶಯ ಹುಟ್ಟಿದ ದಿನ ಆತ ಮತ್ತೆ ‘ಆ ಇಟಲಿಯವನು’ ಆದ. ಜರ್ಮನ್ ಸಂಗೀತವೇ ಹೆಚ್ಚೋ ಇಟಲಿಯ ಸಂಗೀತವೇ ಹೆಚ್ಚೋ ಎಂದು ಊರಿನಲ್ಲಿ ಕಾವೇರಿದ್ದ ಕಾಲ ಅದು. ವಿಷದ ಹೆಸರೂ ಇಟಲಿಯದು, ಮುದುಕನೂ ಇಟಲಿಯವನು. ತಾಳೆ ಹೊಂದಿಸಲು ಇನ್ನೇನು ಬೇಕು? ಅರ್ಧ ಶತಮಾನ ಊರಿಗೆ ದುಡಿದವನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಬೇರೆ ಯಾವುದು?

ಆತ ೧೮೨೫ರ ಮೇ ೭ರಂದು ತೀರಿಕೊಂಡ. ಐದಾರು ವರ್ಷಗಳಲ್ಲಿ ರಷ್ಯದ ಮಹಾಕವಿ ಪುಷ್ಕಿನ್ ‘ಮೊಜಾರ್ಟ್ ಮತ್ತು ಸಾಲಿಯೇರಿ’ ಎಂಬ ಕಿರುನಾಟಕ ಬರೆದ. ಅದರಲ್ಲಿ ಸಾಲಿಯೇರಿ ಬಟ್ಟಲಿಗೆ ವಿಷ ಹಾಕಿಯೇ ಹಾಕುತ್ತಾನೆ. ಅದನ್ನೇ ರಿಮ್‌ಸ್ಕಿ ಕೊರ್ಸಕೋವ್ ಗೀತನಾಟಕ ಮಾಡಿದ. ೧೯೭೯ರಲ್ಲಿ ಪೀಟರ್ ಶಾಫರ್ ‘ಅಮಡೇಯುಸ್’ ನಾಟಕ ಬರೆದ. ೧೯೮೪ರಲ್ಲಿ ಅದು ಚಲನಚಿತ್ರವಾಗಿ ಎಂಟು ಆಸ್ಕರ್ ಬಹುಮಾನ ಗಳಿಸಿತು. ಕಲೆಯಾಗಿ ಇವು ದೊಡ್ಡವೇ. ಒಬ್ಬನಿಗೆ ದೇವರು ಕೊಟ್ಟ ವರವನ್ನು ಕಂಡು ಇನ್ನೊಬ್ಬನ ಎದೆ ಬೇಯುವ ಕಥೆ ಎಲ್ಲ ಕಾಲಕ್ಕೂ ಸಲ್ಲುವಂಥದು. ಆದರೆ ಕವಿ ಕಲ್ಪಿಸಿಕೊಂಡ ಹೆಸರನ್ನಿಡದೆ ನಿಜವಾಗಿ ಬಾಳಿದವನ ಹೆಸರನ್ನಿಟ್ಟ. ನೋಡಿದವರು ಅದನ್ನೇ ಚರಿತ್ರೆಯೆಂದುಕೊಂಡು ಮನೆಗೆ ಹೋದರು.

ವೈದ್ಯರ ಮಾತು

ಮೊಜಾರ್ಟನಿಗೆ ಮದ್ದು ಕೊಟ್ಟವರು ಕ್ಲೊಸೆ, ಸಲ್ಲಾಬ ಎಂಬ ಇಬ್ಬರು ವೈದ್ಯರು. ಅವರೊಡನೆ ಆ ದಿನಗಳಲ್ಲಿ ಮಾತನಾಡುತ್ತಿದ್ದ ಗುಲ್ಡೆನರ್ ಎಂಬ ಹಿರಿಯ ವೈದ್ಯ ೧೮೨೪ರಲ್ಲಿ ತನಗೆ ತಿಳಿದದ್ದನ್ನು ಬರೆದುಕೊಟ್ಟ. ಆ ಕಾಲದಲ್ಲಿ ವಿಯೆನ್ನಾದ ಅನೇಕರಿಗೆ ಇದೇ ಜ್ವರ ಬಂದಿತ್ತು, ಇವೇ ಲಕ್ಷಣಗಳಿದ್ದವು, ಹಲವರು ಹೀಗೆಯೇ ಸತ್ತರು, ದೇಹದ ಮೇಲೆ ವಿಪರೀತವಾದದ್ದೇನೂ ಕಾಣಲಿಲ್ಲ ಎಂಬುದು ಅದರ ಸಾರ.

ಆಮೇಲಿನ ವೈದ್ಯರು ಸಂಧಿವಾತದ ಜ್ವರವೆಂದರು, ಮೂತ್ರಪಿಂಡದ ರೋಗವೆಂದರು. ಸರಿಯಾಗಿ ಬೇಯದ ಹಂದಿಮಾಂಸದಿಂದ ಬರುವ ಹುಳುವಿನ ಕಾಯಿಲೆ ಎಂದವರೂ ಉಂಟು. ೨೦೦೯ರಲ್ಲಿ ಮೂವರು ಸಂಶೋಧಕರು ಬೇರೆ ದಾರಿ ಹಿಡಿದರು. ಒಬ್ಬ ಮೊಜಾರ್ಟನನ್ನು ಬಿಟ್ಟು ಊರಿನ ಮರಣದ ದಫ್ತರವನ್ನೇ ತೆಗೆದು ಕುಳಿತರು. ಆ ಚಳಿಗಾಲದ ಮತ್ತು ಹಿಂದಿನ ಮುಂದಿನ ವರ್ಷಗಳ ಅದೇ ತಿಂಗಳುಗಳ ೫,೦೧೧ ವಯಸ್ಕರ ಸಾವುಗಳನ್ನು ಹೋಲಿಸಿ ನೋಡಿದರೆ, ಮೊಜಾರ್ಟ್ ಸತ್ತ ವಾರಗಳಲ್ಲಿ ಮೈ ಬಾತು ಸತ್ತ ಪ್ರಾಯದ ಗಂಡಸರ ಸಂಖ್ಯೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಗಂಟಲಿಗೆ ತಗಲುವ ಒಂದು ಸೋಂಕು ಮುಂದುವರಿದು ಮೂತ್ರಪಿಂಡವನ್ನು ಕೆಡಿಸಿರಬಹುದೆಂದು ಅವರ ಅಭಿಪ್ರಾಯ. ದೇಹವಿಲ್ಲದೆ ಇದಮಿತ್ಥಂ ಎನ್ನಲಾಗದು. ಆದರೆ ಗುಲ್ಡೆನರನ ಮಾತಿಗೂ ಈ ಲೆಕ್ಕಕ್ಕೂ ತಾಳೆ ಬೀಳುತ್ತದೆ. ಆ ವಾರಗಳಲ್ಲಿ ಹೀಗೆ ಸತ್ತ ಬೇರೆ ಯುವಕರನ್ನು ಕೊಂದವರಾರೆಂದು ಯಾರೂ ಕೇಳಲಿಲ್ಲ. ಅವರು ಹಾಡು ಬರೆದವರಲ್ಲ, ನೋಡಿ.

ಗೋರಿಯ ಕಥೆ, ವಿಧವೆಯ ಕಥೆ

ದೇಹ ಎಲ್ಲಿ ಎಂಬುದೂ ಸಂಶಯಕ್ಕೆ ತುಪ್ಪ ಸುರಿಯಿತು. ಬಿರುಗಾಳಿ, ಹಿಮ, ಹೆಣದ ಗಾಡಿಯ ಹಿಂದೆ ಯಾರೂ ಇಲ್ಲ, ಭಿಕ್ಷುಕರ ಗುಂಡಿಯಲ್ಲಿ ಎಸೆದರು, ಸುಳಿವು ಅಳಿಸಲೆಂದೇ ಹೀಗೆ ಮಾಡಿದರು ಎಂದು ಕಥೆ. ಆ ದಿನಗಳ ವಿಯೆನ್ನಾದ ಶ್ರೀಮಂತನೊಬ್ಬನ ದಿನಚರಿಯಲ್ಲಿ ಹವೆ ಸೌಮ್ಯವಾಗಿತ್ತು, ಮಂಜು ಮುಸುಕುತ್ತಿತ್ತು ಎಂದಿದೆ. ಹೊರವಲಯದ ಸಂತ ಮಾರ್ಕ್ಸ್ ಸ್ಮಶಾನದಲ್ಲಿ ಸಾಧಾರಣ ಜನರಿಗೆ ಸಲ್ಲುತ್ತಿದ್ದ ಮೂರನೆಯ ದರ್ಜೆಯ ಸಂಸ್ಕಾರ ನಡೆಯಿತು. ಖರ್ಚು ೮ ಫ್ಲೋರಿನ್ ೫೬ ಕ್ರೂಟ್ಸರ್, ಗಾಡಿಗೆ ೩ ಫ್ಲೋರಿನ್. ಅದ್ದೂರಿ ಬೇಡ, ಸ್ಮಶಾನದವರೆಗೆ ಮೆರವಣಿಗೆ ಬೇಡ ಎಂಬುದು ಚಕ್ರವರ್ತಿ ಎರಡನೆಯ ಜೋಸೆಫನ ಕಾಲದ ಕಟ್ಟಳೆ. ಕೆಲವು ವರ್ಷಗಳಾದ ಮೇಲೆ ಅದೇ ನೆಲವನ್ನು ಬೇರೆಯವರಿಗೆ ಅಗೆಯುವುದು ರೂಢಿ. ಪಿತೂರಿಯೆಂದು ಕಂಡದ್ದು ಬರಿಯ ಸರ್ಕಾರಿ ನಿಯಮ!

ಈ ವಿಷದ ಗದ್ದಲದಲ್ಲಿ ಮುಚ್ಚಿಹೋದ ನಿಜವಾದ ದುಃಖ ಬೇರೆಯಿದೆ. ಸಾಯುವ ಮುನ್ನ, ನವೆಂಬರಿನಲ್ಲಿ, ೧,೪೩೫ ಫ್ಲೋರಿನ್ ಸಾಲದ ವ್ಯಾಜ್ಯದಲ್ಲಿ ಮೊಜಾರ್ಟನ ಮೇಲೆ ತೀರ್ಪಾಗಿತ್ತು. ಮನೆಯಲ್ಲಿ ಏಳು ವರ್ಷದ ಮಗ, ನಾಲ್ಕು ತಿಂಗಳ ಕೂಸು. ಸಂಗೀತಗಾರರ ವಿಧವೆಯರಿಗೂ ಮಕ್ಕಳಿಗೂ ನೆರವಾಗುವ ಒಂದು ಸಂಘ ವಿಯೆನ್ನಾದಲ್ಲಿತ್ತು. ಸಾಲಿಯೇರಿಯ ಗುರು ಗಾಸ್‌ಮನ್ನನೇ ಅದನ್ನು ಕಟ್ಟಿದವನು. ಮೊಜಾರ್ಟ್ ೧೭೮೫ರಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದ. ಜೊತೆಗೆ ಜ್ಞಾನಸ್ನಾನದ ಪತ್ರ ಲಗತ್ತಿಸಬೇಕಿತ್ತು. ಆಮೇಲೆ ತಂದುಕೊಡುತ್ತೇನೆಂದ. ಕೊನೆಗೂ ತರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ದಿನವೂ ಇಂಥ ಅರ್ಜಿಗಳನ್ನು ಕಾಣುವ ನಮಗೆ ಈ ಒಂದು ಸಾಲು ಓದಿ ಹೊಟ್ಟೆ ಚುರುಕ್ಕೆಂದಿತು. ಒಂದು ತುಂಡು ಕಾಗದ ಬಾಕಿ ಉಳಿದದ್ದರಿಂದ ಆತನ ಹೆಂಡತಿಗೆ ಸಂಘದ ಪಿಂಚಣಿ ಸಿಕ್ಕಲಿಲ್ಲ. ಆಕೆ ಗಂಡ ಸತ್ತ ಆರನೆಯ ದಿನ, ಡಿಸೆಂಬರ್ ೧೧ರಂದು, ಚಕ್ರವರ್ತಿಗೆ ಅರ್ಜಿ ಕೊಟ್ಟಳು. ಮರುವರ್ಷ ಮಾರ್ಚಿನಲ್ಲಿ ಗಂಡನ ಸಂಬಳದ ಮೂರರಲ್ಲೊಂದು ಪಾಲು, ವರ್ಷಕ್ಕೆ ೨೬೬ ಫ್ಲೋರಿನ್ ೪೦ ಕ್ರೂಟ್ಸರ್, ಮಂಜೂರಾಯಿತು. ಆ ಕಾಲಕ್ಕೆ ಆ ಮನೆಗೆ ಬೇಕಾಗಿದ್ದದ್ದು ವಿಷವಿಕ್ಕಿದವರ ಹೆಸರಲ್ಲ, ಮಕ್ಕಳ ಹಾಲಿಗೆ ಹಣ.

ಆ ನಾಲ್ಕು ತಿಂಗಳ ಕೂಸಿನ ಹೆಸರು ಫ್ರಾನ್ಸ್ ಕ್ಸೇವರ್. ದೊಡ್ಡವನಾದ ಮೇಲೆ ಆತನೂ ಸಂಗೀತಗಾರನಾದ. ಆತನಿಗೆ ಕಲಿಸಿದವರಲ್ಲಿ ಒಬ್ಬ ಸಾಲಿಯೇರಿ. ೧೮೦೭ರಲ್ಲಿ ಹುಡುಗನಿಗೆ ಯೋಗ್ಯತಾಪತ್ರ ಬರೆದುಕೊಟ್ಟವನೂ ಆತನೇ. ಗಂಡನ ಹಾಸಿಗೆಯ ಬಳಿ ಕುಳಿತಿದ್ದ ಕಾನ್‌ಸ್ಟಾಂಜೆಗೆ ಎಳ್ಳು ಕಾಳಿನಷ್ಟು ಸಂಶಯವಿದ್ದರೂ ತಾನು ಹೆತ್ತ ಮಗನನ್ನು ಆ ಮನೆಯ ಬಾಗಿಲಿಗೆ ಕಳುಹಿಸುತ್ತಿದ್ದಳೆ? ನೂರು ವೈದ್ಯರ ಮಾತಿಗಿಂತ ಈ ತಾಯಿಯ ನಡತೆ ನಮಗೆ ಹೆಚ್ಚಿನ ಸಾಕ್ಷಿ.

ನಮ್ಮಂತೆ ಊರು ಬಿಟ್ಟು ಬಂದವರಿಗೆ ಸಾವಿನ ಸುದ್ದಿ ಯಾವಾಗಲೂ ದೂರದಿಂದ ಬರುತ್ತದೆ. ಹಿಂದೆ ತಂತಿಯಲ್ಲಿ, 'ಹೊರಟು ಬಾ' ಎಂಬ ಎರಡು ಮಾತಿನಲ್ಲಿ ಬರುತ್ತಿತ್ತು. ಈಗ ಕೈಯೊಳಗಿನ ಫೋನಿನಲ್ಲಿ ಬರುತ್ತದೆ. ಸುದ್ದಿಯ ಬೆನ್ನಿಗೇ ‘ಏನೋ ಇರಬೇಕು’ ಎಂಬುದೂ ಬರುತ್ತದೆ. ನೋಡಲಾಗದವರಿಗೆ, ಕೊನೆಗೆ ಮುಖ ಕಾಣದವರಿಗೆ, ಅದನ್ನು ನಂಬುವ ಆಸೆ ಹೆಚ್ಚು. ದುಃಖಕ್ಕೆ ಒಂದು ಕಾರಣ ಸಿಕ್ಕರೆ ಭಾರ ಕಡಿಮೆಯಾದಂತೆ ತೋರುತ್ತದೆ. ಆದರೆ ಆ ಭಾರ ಎಲ್ಲಿಯೂ ಹೋಗುವುದಿಲ್ಲ. ಬದುಕಿರುವ ಇನ್ನೊಬ್ಬನ ತಲೆಯ ಮೇಲೆ ಕೂರುತ್ತದೆ. ಹೆಚ್ಚಾಗಿ ಆ ಇನ್ನೊಬ್ಬ ಪರವೂರಿನವನೋ, ಒಂಟಿಯೋ, ಮರುಮಾತಾಡಲು ಶಕ್ತಿಯಿಲ್ಲದ ಮುದುಕನೋ ಆಗಿರುತ್ತಾನೆ.

ಆದ್ದರಿಂದ ಮಕ್ಕಳು ಕೇಳಿದರೆ ಹೀಗೆ ಹೇಳೋಣ: ಮೊಜಾರ್ಟನನ್ನು ಕೊಂದದ್ದು ಆ ಚಳಿಗಾಲದಲ್ಲಿ ಊರಿನ ಅನೇಕರನ್ನು ಕೊಂದ ಒಂದು ಜ್ವರ. ಸಾಲಿಯೇರಿಯನ್ನು ಕೊಂದದ್ದು ಮಾತು. ಮೊದಲನೆಯದಕ್ಕೆ ಆ ಕಾಲದಲ್ಲಿ ಮದ್ದಿರಲಿಲ್ಲ. ಎರಡನೆಯದಕ್ಕೆ ಆಗಲೂ ಇತ್ತು, ಈಗಲೂ ಇದೆ. “ಕಂಡವರಾರು?” ಎಂದು ಒಂದು ಸಲ ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿರುವುದು.